ಆರುನೂರ ನಲವತ್ತು ಹೆಜ್ಜೆ

ಹಾಜರಿ ಪುಸ್ತಕದಲ್ಲಿ ಅವನಿಗೊಂದು ಹೆಸರಿತ್ತು. ವರ್ಷಕ್ಕೊಮ್ಮೆ ಸಮವಸ್ತ್ರದ ಬಟ್ಟೆ ಹಂಚುವ ದಿನ ಬಿಟ್ಟರೆ ಆ ಹೆಸರನ್ನು ಯಾರೂ ಕೂಗಿದ್ದಿಲ್ಲ. ಎಲ್ಲರಿಗೂ ಅವನು ವಾಲ್ವಣ್ಣ. ನೀರಿನ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿಕೊಂಡು ಬೀದಿ ಬೀದಿ ತಿರುಗುವುದು, ರಸ್ತೆಯ ಮುಚ್ಚಳ ಎತ್ತಿ ಕೀಲಿಯನ್ನು ಒಳಗಿಳಿಸಿ ವಾಲ್ವ್ ತಿರುಗಿಸುವುದು, ಒಂದು ಬೀದಿಗೆ ನೀರು ಬಿಟ್ಟು ಇನ್ನೊಂದರದು ನಿಲ್ಲಿಸುವುದು.

ಬಕೆಟ್ಟು ಹಿಡಿದು ನಿಂತವರು ಅವನನ್ನು ಸುಮ್ಮನೆ ಹೋಗಗೊಡುತ್ತಿರಲಿಲ್ಲ.

"ಏನು ವಾಲ್ವಣ್ಣ, ನಮ್ಮ ಬೀದಿ ಮೇಲೆ ಇವತ್ತು ಮುನಿಸೋ?"

"ನಂಗ್ಯಾಕಕ್ಕ ಮುನಿಸು? ಮುನಿಸು ಟ್ಯಾಂಕಿಗೆ. ಹೋಗಿ ಅದನ್ನ ಸಮಾಧಾನ ಮಾಡು."

ಜಗಳವಾಡಿ ಮಾತು ಬಿಟ್ಟವರ ಮೇಲೂ ಅವನಿಗೆ ಸಿಟ್ಟಿರಲಿಲ್ಲ. "ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ?" ಎಂದು ನಗುತ್ತಿದ್ದ. ಆ ಗಾದೆಯನ್ನು ಯಾರೋ ನೀರು ಬಿಡುವವನೇ ಕಟ್ಟಿರಬೇಕೆಂದು ಅವನ ವಾದ.

ನೆಲದಡಿ ನೂರ ಹದಿನೆಂಟು ವಾಲ್ವುಗಳಿದ್ದವು. ದಿನವೂ ತಿರುಗಿಸುವ ಮೂವತ್ತರ ಮುಚ್ಚಳಗಳು ಸವೆದು ಹೊಳೆಯುತ್ತಿದ್ದವು. ಉಳಿದವು ಎರಡು ಮೂರು ವರ್ಷಕ್ಕೊಮ್ಮೆ ಬೇಕಾಗುವಂಥವು. ಅವುಗಳ ಮೇಲೆ ಡಾಂಬರು ಬಿದ್ದು, ಅದರ ಮೇಲೆ ಮತ್ತೆ ಡಾಂಬರು ಬಿದ್ದು, ಎಲ್ಲಿವೆ ಎಂಬ ಸುಳಿವೇ ಉಳಿದಿರಲಿಲ್ಲ. ಕಚೇರಿಯ ಹಳೆಯ ನಕ್ಷೆಯನ್ನು ಗೆದ್ದಲು ಜರಡಿ ಮಾಡಿತ್ತು. ಉಳಿದದ್ದು ವಾಲ್ವಣ್ಣನ ತಲೆ. ಅಲ್ಲಿ ಎಲ್ಲವೂ ಹೆಜ್ಜೆಯ ಲೆಕ್ಕದಲ್ಲಿತ್ತು. ಗ್ರಂಥಾಲಯದ ಮೂಲೆಯಿಂದ ಮೂರು ಹೆಜ್ಜೆ. ಬೇಕರಿಯ ಮೆಟ್ಟಿಲಿನಿಂದ ಇಳಿಜಾರಿಗೆ ಮೂವತ್ತಾರು.

ಟೇಪು ಹಿಡಿದು ಅಳೆಯಬಾರದೇ ಎಂದು ಯಾರಾದರೂ ಕೇಳಿದರೆ ಅವನ ಉತ್ತರ ಸಿದ್ಧವಿತ್ತು. "ಟೇಪನ್ನ ಮನೇಲಿ ಮರೆತು ಬರಬಹುದು. ಕಾಲನ್ನ ಮರೆತು ಬರೋಕಾಗುತ್ತಾ? ಎಣಿಕೆ ಸುಳ್ಳು ಹೇಳಲ್ಲ."

ಮನೆಯಲ್ಲಿ ಟೇಪಿಗೇನೂ ಕೊರತೆಯಿರಲಿಲ್ಲ. ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಬೆಳಿಗ್ಗೆ ಕೊರಳಿಗೆ ಬಿದ್ದ ಅಳತೆಯ ಟೇಪು ಮಲಗುವಾಗಲೇ ಇಳಿಯುತ್ತಿದ್ದುದರಿಂದ ಅವಳಿಗೆ ಟೇಪಕ್ಕ ಎಂಬ ಹೆಸರು ಅಂಟಿಕೊಂಡಿತ್ತು. ಅಳತೆ ತಪ್ಪಿತೆಂದು ಒಂದು ರವಿಕೆಯೂ ಅವಳ ಮನೆಗೆ ವಾಪಸು ಬಂದದ್ದಿಲ್ಲ. ಮದುವೆಯ ಹೊಸದರಲ್ಲಿ ಗಂಡನ ಜೊತೆ ನಡೆಯುವುದೇ ಅವಳಿಗೊಂದು ಪಾಡಾಗಿತ್ತು. "ಸ್ವಲ್ಪ ನಿಧಾನ ನಡೀರೀ, ನಿಮ್ಮ ಒಂದು ಹೆಜ್ಜೆಗೆ ನಾನು ಎರಡು ಹಾಕ್ಬೇಕು" ಎಂದು ಸೆರಗು ಸಿಕ್ಕಿಸಿಕೊಂಡು ಅರ್ಧ ಓಡುತ್ತಿದ್ದಳು.

ಕಚೇರಿಯ ಗೇಟಿನಿಂದ ಮನೆಯ ಹೊಸ್ತಿಲಿಗೆ ಆರುನೂರ ನಲವತ್ತು ಹೆಜ್ಜೆ. ಸಂಜೆ ಕೀಲಿಯನ್ನು ಬಾಗಿಲ ಪಕ್ಕಕ್ಕೆ ಒರಗಿಸಿ "ಆರುನೂರ ನಲವತ್ತು" ಎನ್ನುವುದೇ ಅವನು ಬಂದೆನೆಂದು ಹೇಳುವ ರೀತಿ. ಮಿಷನ್ನಿನಿಂದ ತಲೆಯೆತ್ತದೆ ಅವಳು "ಬಂದ್ರಾ?" ಎನ್ನುತ್ತಿದ್ದಳು. ಯಾವತ್ತಾದರೂ ಆರುನೂರ ನಲವತ್ತಮೂರು ಎಂದನೆಂದರೆ ಕಾರಣವೂ ಜೊತೆಗೇ ಬರುತ್ತಿತ್ತು: "ದಾರೀಲಿ ನಾಯಿ ಮಲಗಿತ್ತು ಕಣೇ, ಎಬ್ಬಿಸೋಕೆ ಮನಸ್ಸಾಗ್ಲಿಲ್ಲ."

ನಿವೃತ್ತಿಯಾದ ಮೇಲೂ ಕಚೇರಿಯವರು ಬಾಗಿಲು ತಟ್ಟುವುದು ತಪ್ಪಲಿಲ್ಲ. ಯಾವುದೋ ವಾಲ್ವ್ ಸಿಗುತ್ತಿಲ್ಲವೆಂದರೆ ಅವನು ಚಪ್ಪಲಿ ಮೆಟ್ಟಿ ಹೋಗಿ, ಎಣಿಸಿ, ಹಿಮ್ಮಡಿಯಿಂದ ನೆಲ ಗುದ್ದಿ ಬರುತ್ತಿದ್ದ. ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಗೋಡೆ ಹಿಡಿದು ಕುಸಿದ. ಎಡಗೈ ಎಡಗಾಲಿಗೆ ಲಕ್ವ ಹೊಡೆದಿತ್ತು. ಮಾತು ಉಳಿಯಿತು, ಬುದ್ಧಿ ಉಳಿಯಿತು. ಐದಾರು ತಿಂಗಳಿಗೆ ಕೋಲೂರಿ ಓಡಾಡುವಷ್ಟು ಕಾಲೂ ಮರಳಿತು.

ಮಗಳು ಒಂದು ಆನ್‌ಲೈನ್ ಸೆಂಟರಿನಲ್ಲಿ ಜನರ ಅರ್ಜಿ ತುಂಬುವ ಕೆಲಸ ಮಾಡುತ್ತಿದ್ದಳು. ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಲ್ಯಾಪ್‌ಟಾಪೊಂದನ್ನು ಮನೆಗೆ ತಂದು, ಅದರಲ್ಲಿದ್ದ ಹಳೆಯ ಬ್ರೌಸರ್ ತೆಗೆದು ಹೊಸದನ್ನು ಹಾಕಿದಳು.

"ಬ್ರೌಸರ್ ಅಂದ್ರೆ ಬಾಗಿಲು ಇದ್ದ ಹಾಗಮ್ಮ. ಹಳೇದು ಕಿರುಗುಟ್ತಿತ್ತು, ಹೊಸದು ಹಾಕಿದೀನಿ."

"ಎರಡು ಹನಿ ಎಣ್ಣೆ ಬಿಟ್ಟಿದ್ರೆ ಸಾಕಿತ್ತಲ್ಲ" ಎಂದ ವಾಲ್ವಣ್ಣ ಮಂಚದಿಂದ.

ಆ ಬಾಗಿಲಿನಿಂದ ಒಳಗೆ ಹೋದವಳು ಟೇಪಕ್ಕ. ಮೊದಲು ಅಕ್ಷರ ದೊಡ್ಡದು ಮಾಡುವುದನ್ನು ಕಲಿತಳು. ಕನ್ನಡಕದ ಒಂದು ಕಾಲು ಮುರಿದಿದ್ದರಿಂದ ಅದೇ ಅವಳಿಗೆ ದೊಡ್ಡ ಉಪಕಾರವೆನಿಸಿತು. ಇಷ್ಟವಾದ ಪುಟಕ್ಕೆ ನಕ್ಷತ್ರ ಒತ್ತಿ ಇಟ್ಟುಕೊಳ್ಳುವುದನ್ನು ಕಲಿತಳು. ಮೈಕಿನ ಗುರುತು ಒತ್ತಿ ಬಾಯಲ್ಲೇ ಕೇಳಿದರೆ ಹುಡುಕಿ ಕೊಡುತ್ತದೆ ಎಂದು ಗೊತ್ತಾದ ದಿನ, ಮಿಷನ್ನಿನ ದಾರ ಪದೇಪದೇ ಯಾಕೆ ಕಡಿಯುತ್ತದೆ ಎಂದು ಗಟ್ಟಿಯಾಗಿ ಕೇಳಿ, ಉತ್ತರ ಬಂದದ್ದು ನೋಡಿ ನಾಚಿಕೊಂಡಳು. ಹೊಸದಾಗಿ ಕಂಡದ್ದನ್ನೆಲ್ಲ ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದಿಟ್ಟಳು.

ಒಂದು ಭಾನುವಾರ ಮಗಳು ನಕ್ಷೆಯ ಸೈಟು ತೆರೆದು, ಆಕಾಶದಿಂದ ತೆಗೆದ ಚಿತ್ರಕ್ಕೆ ಬದಲಿಸಿ, ಲ್ಯಾಪ್‌ಟಾಪನ್ನು ತಂದೆಯ ತೊಡೆಯ ಮೇಲಿಟ್ಟಳು. ತಾರಸಿಗಳು, ನೀರಿನ ಟ್ಯಾಂಕಿನ ದುಂಡನೆಯ ತಲೆ, ಕಚೇರಿಯ ಗೇಟು. ವಾಲ್ವಣ್ಣ ಪರದೆಯತ್ತ ಬಗ್ಗಿದ.

"ಇಷ್ಟು ವರ್ಷ ಈ ಊರನ್ನ ಬರೀ ಪಾದದ ಕಡೆಯಿಂದ ನೋಡಿದ್ದೆ. ನೆತ್ತಿ ಹೀಗಿದೆಯಾ ಇದಕ್ಕೆ!"

"ಅಪ್ಪ, ಇಲ್ಲಿ ನಮಗೆ ಬೇಕಾದ ಕಡೆ ಪಿನ್ ಚುಚ್ಚಿ ಹೆಸರು ಬರೀಬಹುದು. ನಿಮ್ಮ ವಾಲ್ವುಗಳನ್ನೆಲ್ಲ ಹಾಕಿಬಿಡೋಣ. ಕಚೇರಿಯವರಿಗೆ ಕಳಿಸಿದ್ರೆ ಅವರು ಫೋನಲ್ಲೇ ನೋಡ್ಕೋತಾರೆ."

ಕೆಲಸ ಬಿಟ್ಟ ಮೇಲೆ ಅವನ ಮುಖದಲ್ಲಿ ಅಂಥ ಬೆಳಕು ಅವರು ಕಂಡಿರಲಿಲ್ಲ. ಆದರೆ ನಕ್ಷೆಗೆ ಅಡಿ ಇಂಚು ಬೇಕು, ಅವನಲ್ಲಿದ್ದದ್ದು ಹೆಜ್ಜೆ. ಟೇಪಕ್ಕ ಕೊರಳಿನಿಂದ ಟೇಪು ತೆಗೆದಳು. "ನಡೀರಿ ನೋಡೋಣ." ಅವನು ಅಂಗಿಯ ಗುಂಡಿ ಹಾಕಿಕೊಂಡು, ಫೋಟೋಗೆ ನಿಂತವನಂತೆ ಎದೆಯೆತ್ತಿ, ಕೋಲನ್ನು ಆದಷ್ಟು ನೆಚ್ಚಿಕೊಳ್ಳದೆ, ಹಜಾರದ ಈ ತುದಿಯಿಂದ ಆ ತುದಿಗೆ ನಡೆದ. ಅವಳು ನೆಲದಲ್ಲಿ ಕೂತು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದಳು. ಇಪ್ಪತ್ತನಾಲ್ಕು ಇಂಚು. ಇನ್ನೊಮ್ಮೆ ನಡೆಸಿದಳು. ಇಪ್ಪತ್ತನಾಲ್ಕೇ.

"ಸರಿಯಾಗಿ ಎರಡು ಅಡಿ. ಲೆಕ್ಕಕ್ಕೆ ಎಷ್ಟು ಸಲೀಸು ನೋಡಿ" ಎಂದು ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ೨೪ ಎಂದು ಬರೆದಳು.

ಎರಡು ತಿಂಗಳು ಆ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಅವನು ಕಣ್ಣು ಮುಚ್ಚಿ ಹೇಳುವನು, ಅವಳು ಹೆಜ್ಜೆಯನ್ನು ಅಡಿಗೆ ತಿರುಗಿಸುವಳು, ಮಗಳು ನಕ್ಷೆಯಲ್ಲಿ ಅಷ್ಟುದ್ದದ ಗೆರೆ ಎಳೆದು ತುದಿಗೊಂದು ಪಿನ್ ನೆಡುವಳು. ಒಂದು ವಾಲ್ವಿಗೆ ಅವನು ಮರದ ಗುರುತು ಹೇಳಿದ. ಮರವನ್ನು ಕಡಿದು ಎಷ್ಟೋ ಕಾಲವಾಗಿತ್ತು. ಮಗಳು ಹುಡುಕಿ, ಹಿಂದಿನ ವರ್ಷಗಳ ಚಿತ್ರ ತೋರಿಸುವ ಸಾಧನವೊಂದನ್ನು ಕಂಡುಹಿಡಿದಳು. ಪಟ್ಟಿಯನ್ನು ಎಡಕ್ಕೆ ಜಾರಿಸಿದಂತೆ ಮಳಿಗೆಗಳು ಕರಗಿ, ರಸ್ತೆ ಸಣ್ಣದಾಗಿ, ಅಂಚಿನಲ್ಲಿ ಹಸಿರು ಮಚ್ಚೆಯೊಂದು ಹುಟ್ಟಿತು. "ಅದೇ! ಅದೇ ಮರ!" ಎಂದು ವಾಲ್ವಣ್ಣ ಬಲಗೈ ಬೆರಳಿನಿಂದ ಅದನ್ನು ಮುಟ್ಟಿದ.

ಕಚೇರಿಯ ಎಂಜಿನಿಯರ್ ವಯಸ್ಸಿನಲ್ಲಿ ಚಿಕ್ಕವನು, ಒಳ್ಳೆಯವನು. ನಕ್ಷೆಯನ್ನು ತನ್ನ ಫೋನಿನಲ್ಲಿ ನೋಡಿ ಎದ್ದು ನಿಂತು ಕೈಮುಗಿದ. ಮೊದಲು ಗ್ರಂಥಾಲಯದ ಮೂಲೆಯದನ್ನು ಅಗೆದರು, ಸಿಕ್ಕಿತು. ಶಾಲೆಯ ಗೋಡೆಯ ಹತ್ತಿರದ್ದೂ ಸಿಕ್ಕಿತು. ಆಮೇಲೆ ಬೇಕರಿ ಬೀದಿಯ ನಲ್ಲಿಗಳಲ್ಲಿ ಕೊಳಕು ನೀರು ಬರತೊಡಗಿತು. ಆ ಒಂದು ಬೀದಿಯನ್ನಷ್ಟೇ ಬಂದ್ ಮಾಡುವ ವಾಲ್ವ್ ಬೇಕು. ಬೇಕರಿಯ ಮೆಟ್ಟಿಲಿನಿಂದ ಮೂವತ್ತಾರು ಹೆಜ್ಜೆ, ಎಪ್ಪತ್ತೆರಡು ಅಡಿ. ಅಗೆದರು. ಮಣ್ಣು, ಕಲ್ಲು, ಮತ್ತೆ ಮಣ್ಣು.

"ನನ್ನನ್ನ ಕರ್ಕೊಂಡು ಹೋಗಿ. ನಾನೇ ನಡೆದು ತೋರಿಸ್ತೀನಿ" ಎಂದ ವಾಲ್ವಣ್ಣ.

ಆಟೋದಲ್ಲಿ ಕೂರಿಸಿಕೊಂಡು ಹೋದರು, ಟೇಪಕ್ಕನೂ ಜೊತೆಗೆ ಹೋದಳು. ಬೀದಿಯವರೆಲ್ಲ ಜಮಾಯಿಸಿದ್ದರು. ಅವನು ಬೇಕರಿಯ ಮೆಟ್ಟಿಲಿಗೆ ಹಿಮ್ಮಡಿ ಒತ್ತಿ ನಿಂತ. ಗಟ್ಟಿಯಾಗಿ ಎಣಿಸುತ್ತ ಹೊರಟ. ಮೂವತ್ತಾರು ಎಂದಾಗ ಅವನು ನಿಂತದ್ದು ಮುಂಚೆ ಅಗೆದ ಗುಂಡಿಯ ಬಾಯಲ್ಲೇ. ಒಂದು ಕ್ಷಣ ತಲೆಯೆತ್ತಿ ಇಳಿಜಾರಿನ ಕಡೆ, ಇನ್ನೂ ಮುಂದೆ, ಕಣ್ಣು ಕಿರಿದು ಮಾಡಿ ನೋಡಿದ.

"ಜಾಗ ಸರಿ ಕಾಣ್ತಿಲ್ಲ" ಎಂದ. ಆಮೇಲೆ ತಾನೇ ತಲೆಯಾಡಿಸಿದ. "ಇಲ್ಲ, ಎಣಿಕೆ ಸುಳ್ಳು ಹೇಳಲ್ಲ. ಇಲ್ಲೇ ಇರ್ಬೇಕು. ಇನ್ನೊಂದು ಸ್ವಲ್ಪ ಆಳಕ್ಕೆ ಅಗೀರಿ."

ಆಳಕ್ಕೆ ಅಗೆದರು. ಅಗಲ ಮಾಡಿದರು. ಅಗೆಯುತ್ತಿದ್ದವನು ಅವನ ಜೊತೆ ಇಪ್ಪತ್ತು ವರ್ಷ ದುಡಿದವನು, ಹಾರೆ ಮಾಮ ಎಂದು ಅವನ ಅಡ್ಡಹೆಸರು. ಕೊನೆಗೆ ಅವನೇ ಹಾರೆ ಕೆಳಗಿಟ್ಟು, "ಅಣ್ಣ, ಬಿಸಿಲು ಜಾಸ್ತಿಯಾಯ್ತು. ನೀನು ಮನೆಗೆ ಹೋಗು" ಎಂದ. ಗುಂಪಿನಲ್ಲಿ ಯಾರೋ, "ಪಾಪ, ಲಕ್ವ ತಲೆಗೂ ಹತ್ತಿದೆ" ಎಂದರು. ಮೆಲ್ಲಗೇ ಅಂದದ್ದು. ಆದರೆ ನೀರು ಸೋರುವ ಸದ್ದನ್ನು ನೆಲದ ಮೇಲಿನಿಂದಲೇ ಕೇಳಿಸಿಕೊಳ್ಳುತ್ತಿದ್ದ ಕಿವಿ ಅವನದು.

ಮನೆಗೆ ಬಂದು ಮಂಚದಲ್ಲಿ ಕೂತವನು ಸಂಜೆಯ ಹೊತ್ತಿಗೆ ಬಾಯಿ ಬಿಟ್ಟ. "ನೆನಪು ತಪ್ಪಿಲ್ಲ ಕಣೇ. ಆ ವಾಲ್ವನ್ನ ಏಳು ಸಲ ತಿರುಗಿಸಿದೀನಿ ನಾನು."

ಟೇಪಕ್ಕ ಇಸ್ತ್ರಿ ಹಾಕುತ್ತಿದ್ದಳು. ಅವಳಿಗೆ ಅವನ ನೋವನ್ನು ಹೇಗಾದರೂ ಒರೆಸಬೇಕಿತ್ತು. "ಹೋಗ್ಲಿ ಬಿಡೀಂದ್ರೆ. ವಯಸ್ಸಾದ ಮೇಲೆ ಮರೆವು ಯಾರಿಗೆ ಬರಲ್ಲ? ಹತ್ತಿರದ್ದು ನೆನಪಿದೆ, ದೂರದ್ದು ಮಸುಕಾಗಿದೆ, ಅಷ್ಟೇ."

ಅವನು ಅವಳನ್ನೇ ನೋಡಿದ. ಊರು ಅಂದದ್ದನ್ನು ಅವನು ತಡೆದುಕೊಂಡಿದ್ದ. ಇದನ್ನು ಅಂದದ್ದು ಅವಳು. ಅವಳು ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಅಂದಿನಿಂದ ಅವನು ವಾಲ್ವುಗಳ ಸುದ್ದಿ ಎತ್ತಲಿಲ್ಲ. ಮಗಳು ಲ್ಯಾಪ್‌ಟಾಪ್ ತೆರೆದರೆ "ಕಣ್ಣು ಉರಿಯುತ್ತಮ್ಮ" ಎಂದು ಗೋಡೆಯ ಕಡೆ ಹೊರಳುತ್ತಿದ್ದ. ಕಚೇರಿಯವರೂ ಆ ನಕ್ಷೆಯನ್ನು ಕೈಬಿಟ್ಟರು. ಕೊಳಕು ನೀರು ಬಂದಾಗಲೆಲ್ಲ ದೊಡ್ಡ ವಾಲ್ವ್ ಮುಚ್ಚಿ, ಒಂದು ಬೀದಿಗಾಗಿ ಐದು ಬೀದಿಯ ನೀರು ನಿಲ್ಲಿಸಿದರು. ಬಚ್ಚಲಿನಲ್ಲಿ ಅವನು ಒಬ್ಬನೇ ಪಿಸುಗುಡುವುದು ಟೇಪಕ್ಕನಿಗೆ ಕೇಳಿಸುತ್ತಿತ್ತು. ಮೊದಲು ಏನೆಂದು ತಿಳಿಯಲಿಲ್ಲ. ಬಾಗಿಲಿಗೆ ಕಿವಿಗೊಟ್ಟಾಗ ಗೊತ್ತಾಯಿತು: ಬೀದಿಯ ಈ ತುದಿಯಿಂದ ಆ ತುದಿಯವರೆಗಿನ ಮನೆಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದಾನೆ, ಶಾಲೆಯ ಮಗು ಪರೀಕ್ಷೆಗೆ ಮುಂಚೆ ಹೇಳಿಕೊಳ್ಳುವಂತೆ. ಒಮ್ಮೆ ಊಟದ ನಡುವೆ ಇದ್ದಕ್ಕಿದ್ದಂತೆ, "ನಮ್ಮ ಮದುವೆಯಾಗಿ ಮೂವತ್ತಾರು ವರ್ಷ ಅಲ್ವಾ?" ಎಂದು ಕೇಳಿದ. ಹೌದೆಂದಳು. ಪಾಸಾದವನಂತೆ ಉಸಿರುಬಿಟ್ಟು ತಟ್ಟೆಗೆ ಕೈಹಾಕಿದ.

ನಾಲ್ಕು ತಿಂಗಳ ಮೇಲೆ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ.

ಗೂಟದಲ್ಲಿ ಅವನ ಕೊನೆಯ ಅಂಗಿ ನೇತಾಡುತ್ತಿತ್ತು. ಅದನ್ನು ಒಗೆಯಲು ಟೇಪಕ್ಕನಿಗೆ ಒಂದು ತಿಂಗಳು ಕೈ ಬರಲಿಲ್ಲ. ಕೊನೆಗೆ ತೆಗೆದು, ಅಭ್ಯಾಸಬಲದಿಂದ ಜೇಬು ತಡಕಿದಳು. ನಾಲ್ಕಾಗಿ ಮಡಿಸಿದ ಚೀಟಿ. ಮಡಿಕೆಗಳಲ್ಲಿ ಸವೆದು ಹರಿಯುವಂತಾಗಿತ್ತು. ಅಂಗಿ ಬದಲಿಸುವಾಗಲೆಲ್ಲ ಅದನ್ನು ಅವಳ ಕಣ್ಣು ತಪ್ಪಿಸಿ ಒಂದು ಜೇಬಿನಿಂದ ಇನ್ನೊಂದಕ್ಕೆ ಹಾಕಿಕೊಳ್ಳುತ್ತಿದ್ದನೆಂದು ತೋರುತ್ತಿತ್ತು. ಬಲಗೈಯ ದುಂಡು ಅಕ್ಷರ:

"ನನಗೆ ದಾರಿ ಮರೆತುಹೋಗಿದ್ದರೆ ದಯವಿಟ್ಟು ನೀರಿನ ಕಚೇರಿಯ ಗೇಟಿಗೆ ಬಿಡಿ. ಅಲ್ಲಿಂದ ನಮ್ಮ ಮನೆ ಆರುನೂರ ನಲವತ್ತು ಹೆಜ್ಜೆ. ಹೆಂಡತಿ ಬಟ್ಟೆ ಹೊಲಿಯುತ್ತಾಳೆ."

ಅವಳು ಅಲ್ಲೇ, ಒಗೆಯುವ ಕಲ್ಲಿನ ಪಕ್ಕ, ಕೂತುಬಿಟ್ಟಳು. ತನ್ನ ತಲೆ ತನ್ನ ಕೈಬಿಡುತ್ತಿದೆ ಎಂದು ನಂಬಿ ಅವನು ನಾಲ್ಕು ತಿಂಗಳು ಬದುಕಿದ್ದ. ಯಾರೋ ಅಪರಿಚಿತರು ಕೈಹಿಡಿದು ಮನೆಗೆ ಬಿಡುವ ದಿನಕ್ಕೆ ತಯಾರಾಗಿದ್ದ.

ಅಂದು ಸಂಜೆ ಅವಳು ಲ್ಯಾಪ್‌ಟಾಪ್ ತೆರೆದಳು. ಬೇರೇನೂ ಉದ್ದೇಶವಿರಲಿಲ್ಲ. ಅವನು ಬರುತ್ತಿದ್ದ ದಾರಿಯನ್ನು ಒಮ್ಮೆ ನೋಡಬೇಕೆನಿಸಿತು, ಅಷ್ಟೇ. ನಕ್ಷೆಯಲ್ಲಿ ದೂರ ಅಳೆಯುವ ಸಾಧನವಿತ್ತು. ವಾಲ್ವುಗಳಿಗೆ ಮಗಳೇ ಅದನ್ನು ಬಳಸುತ್ತಿದ್ದಳು, ಟೇಪಕ್ಕ ಮುಟ್ಟಿರಲಿಲ್ಲ. ಕಚೇರಿಯ ಗೇಟಿನ ಮೇಲೆ ಒಂದು ಚುಕ್ಕೆ ಇಟ್ಟಳು. ತಿರುವಿನಲ್ಲಿ ಒಂದು. ನಾಯಿ ಮಲಗುತ್ತಿದ್ದ ಕಟ್ಟೆಯ ಹತ್ತಿರ ಒಂದು. ತಮ್ಮ ಹೊಸ್ತಿಲ ಮೇಲೆ ಕೊನೆಯದು. ಪರದೆಯ ಮೇಲೆ ಮೂಡಿತು: ಸಾವಿರದ ಆರುನೂರು ಅಡಿ.

ಆರುನೂರ ನಲವತ್ತು ಹೆಜ್ಜೆಗೆ, ಹೆಜ್ಜೆಗೆರಡು ಅಡಿಯಂತೆ, ಸಾವಿರದ ಇನ್ನೂರ ಎಂಬತ್ತು ಬರಬೇಕಿತ್ತು. ಚುಕ್ಕೆಗಳನ್ನು ಅಳಿಸಿ ಮತ್ತೆ ಇಟ್ಟಳು. ಅಷ್ಟೇ ಬಂತು. ಸೈಟೇ ತಪ್ಪು ಹೇಳುತ್ತಿದೆ ಎಂದುಕೊಂಡಳು. ಮಗಳು ಬಂದು ಹೊಸ ಸೇತುವೆಯನ್ನು ಅಳೆದು ನೋಡಿದಳು. ಅದರ ಫಲಕದ ಮೇಲೆ ಬರೆದ ಉದ್ದಕ್ಕೂ ನಕ್ಷೆ ತೋರಿಸಿದ ಉದ್ದಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

ಟೇಪಕ್ಕ ಅಳತೆ ಪುಸ್ತಕದ ಅಂಚಿನಲ್ಲಿ ಭಾಗಾಕಾರ ಮಾಡಿದಳು. ಹೆಜ್ಜೆಗೆ ಎರಡೂವರೆ ಅಡಿ. ಮೂವತ್ತು ಇಂಚು.

ಆಮೇಲೆ ಅವಳಿಗೆ ಎಲ್ಲವೂ ಒಟ್ಟಿಗೇ ಕಂಡಿತು: ಅರ್ಧ ಓಡುತ್ತ ಗಂಡನ ಹಿಂದೆ ಹೋಗುತ್ತಿದ್ದ ತಾನು, ಹಜಾರದಲ್ಲಿ ಎದೆಯೆತ್ತಿ, ಎಡಗಾಲನ್ನು ಎಳೆದೆಳೆದು ಇಡುತ್ತಿದ್ದ ಅವನು. ವಾಲ್ವುಗಳನ್ನು ಅವನು ಎಣಿಸಿದ್ದು ಮೂವತ್ತು ಇಂಚಿನ ಕಾಲಲ್ಲಿ. ಅವಳು ಅಳೆದದ್ದು ಲಕ್ವ ಹೊಡೆದ ಕಾಲನ್ನು. ಗ್ರಂಥಾಲಯದ ಮೂಲೆಯ ಮೂರು ಹೆಜ್ಜೆಗೆ ಹೆಚ್ಚುಕಡಿಮೆಯಾದದ್ದು ಒಂದೂವರೆ ಅಡಿ, ಗುಂಡಿಯೊಳಗೇ ಸಿಕ್ಕಿಬಿಟ್ಟಿತು. ದೂರ ಹೆಚ್ಚಾದಂತೆ ತಪ್ಪೂ ಬೆಳೆಯಿತು. ಬೇಕರಿ ಬೀದಿಯಲ್ಲಿ ಅವನು ತಾನೇ ನಡೆದು ತೋರಿಸಿದಾಗಲೂ ಮೋಸ ಮಾಡಿದ್ದು ಅದೇ ಕಾಲು. ತಲೆಯಲ್ಲ.

"ಅಮ್ಮ, ಅಳಬೇಡ. ನನಗೂ ಹೊಳೀಲಿಲ್ಲ, ಅಪ್ಪನಿಗೂ ಹೊಳೀಲಿಲ್ಲ" ಎಂದಳು ಮಗಳು.

"ನೀವಿಬ್ಬರೂ ದರ್ಜಿಗಳಲ್ಲ" ಎಂದಳು ಟೇಪಕ್ಕ.

ಮರುದಿನ ಅವಳು ಕಚೇರಿಗೆ ಹೋದಳು. ಎಂಜಿನಿಯರ್ ಕುರ್ಚಿ ಕೊಟ್ಟು, ಎಲ್ಲವನ್ನೂ ಕೇಳಿ, ಹಣೆ ಉಜ್ಜಿಕೊಂಡ. "ಅಮ್ಮ, ಆ ರಸ್ತೆಯನ್ನ ಆಗಲೇ ಎರಡು ಸಲ ಅಗೆದು ಬೈಸಿಕೊಂಡಿದೀವಿ."

ಬಾಗಿಲಲ್ಲಿ ನಿಂತಿದ್ದ ಹಾರೆ ಮಾಮ ಒಳಗೆ ಬಂದ. "ಸಾರ್, ಒಂದು ಗುಂಡಿ ನನ್ನದು ಅಂದ್ಕೊಳ್ಳಿ. ಸಿಗದಿದ್ರೆ ನಾನೇ ಮುಚ್ತೀನಿ, ಬೈಗುಳಾನೂ ನಾನೇ ತಿಂತೀನಿ."

ಬೇಕರಿಯ ಮೆಟ್ಟಿಲಿನಿಂದ ಟೇಪಕ್ಕ ತಾನೇ ಅಳೆದಳು, ಕೊರಳಿನ ಟೇಪಿನಿಂದ. ಅರವತ್ತು ಇಂಚಿನ ಟೇಪು. ಬಗ್ಗಿ, ಸೀಮೆಸುಣ್ಣದ ಗುರುತು ಹಾಕಿ, ಮುಂದೆ ಸರಿದು, ಮತ್ತೆ ಬಗ್ಗಿ. ಹಳೆಯ ಗುಂಡಿಯ ತೇಪೆ ಹದಿನೈದಿಪ್ಪತ್ತು ಅಡಿ ಹಿಂದೆ ಉಳಿಯಿತು. ಮೂವತ್ತಾರು ಹೆಜ್ಜೆಯ ತೊಂಬತ್ತು ಅಡಿಗೆ ನಿಂತು, ತಲೆಯೆತ್ತಿ ಹಿಂದಿನ ತೇಪೆಯ ಕಡೆ ನೋಡಿದಳು. ಆ ದಿನ ಅವನು ಕಣ್ಣು ಕಿರಿದು ಮಾಡಿ ನೋಡಿದ್ದು ಇದೇ ಜಾಗವನ್ನು.

ಹಾರೆ ಡಾಂಬರು ಸೀಳಿತು. ಮಣ್ಣಿಗಿಳಿಯಿತು. ಮೊಣಕಾಲಿನಷ್ಟು ಆಳಕ್ಕೆ ಹೋಗಿರಲಿಲ್ಲ, ಠಣ್ ಎಂದಿತು.

ಹಾರೆ ಮಾಮ ಇನ್ನೊಮ್ಮೆ ಕುಟ್ಟಲಿಲ್ಲ. ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಕೈಯಿಂದ ಮಣ್ಣು ಬಳಿದ. ದುಂಡನೆಯ ಮುಚ್ಚಳ, ತುಕ್ಕು ಹಿಡಿದು ಕೆಂಪಾಗಿತ್ತು. "ನಿನ್ನನ್ನ ಮನೆಗೆ ಹೋಗು ಅಂದ್ನಲ್ಲಣ್ಣ" ಎಂದು ಆ ಮುಚ್ಚಳಕ್ಕೆ ಹೇಳಿದ.

ಎಂಜಿನಿಯರ್ ಟೇಪಕ್ಕನ ಹತ್ತಿರ ಬಂದ. "ಅವರ ನೆನಪು ಸರಿಯಾಗೇ ಇತ್ತಮ್ಮ. ಒಂದು ಇಂಚೂ ತಪ್ಪಿರಲಿಲ್ಲ."

"ಅದನ್ನ ಅವರಿಗೆ ಹೇಳ್ಬೇಕಿತ್ತು ಸಾರ್" ಎಂದಳು. "ನಾನೂ ಹೇಳ್ಬೇಕಿತ್ತು."

ಆ ಸಂಜೆ ಬೇಕರಿ ಬೀದಿಯೊಂದರ ನೀರು ಮಾತ್ರ ನಿಂತಿತು, ಉಳಿದ ನಾಲ್ಕಕ್ಕೆ ಬಂತು. ನಕ್ಷೆಯಲ್ಲಿ ಇನ್ನೂ ಎಷ್ಟೋ ಪಿನ್ನುಗಳು ತಪ್ಪು ಜಾಗದಲ್ಲಿ ನಿಂತಿದ್ದವು. "ಕೊಡಮ್ಮ, ಒಂದೇ ದಿನದಲ್ಲಿ ಸರಿ ಮಾಡಿಬಿಡ್ತೀನಿ" ಎಂದಳು ಮಗಳು. ಟೇಪಕ್ಕ ಒಪ್ಪಲಿಲ್ಲ. ಮಿಷನ್ನಿನ ಕೆಲಸ ಮುಗಿಸಿ ದಿನಕ್ಕೆ ನಾಲ್ಕೈದು. ಹೆಜ್ಜೆಗಳನ್ನು ಪುಸ್ತಕದಿಂದ ಗಟ್ಟಿಯಾಗಿ ಓದುವಳು, ಮೂವತ್ತರಿಂದ ಗುಣಿಸುವಳು, ಪಿನ್ನನ್ನು ಹಿಡಿದು ರಸ್ತೆಯ ಮೇಲೆ ಮುಂದಕ್ಕೆ ಎಳೆಯುವಳು. ಮಂಚದ ಕಡೆಯಿಂದ ಯಾರೂ "ಇನ್ನೂ ಸ್ವಲ್ಪ ಆ ಕಡೆ" ಎನ್ನುತ್ತಿರಲಿಲ್ಲ.

ಗಿರಾಕಿಯ ಮೈ ಬದಲಾದಾಗ ದರ್ಜಿಗಳು ಹಳೆಯ ಅಳತೆಯನ್ನು ಹೊಡೆದುಹಾಕುವುದಿಲ್ಲ. ಕೆಳಗೆ ಹೊಸದನ್ನು ಬರೆಯುತ್ತಾರೆ. ಅವಳೂ ಹಾಗೇ ಮಾಡಿದಳು. ಅವನ ಹೆಸರಿನ ಮುಂದಿದ್ದ ೨೪ರ ಕೆಳಗೆ ೩೦ ಎಂದು ಬರೆದಳು. ೨೪ನ್ನು ಅಳಿಸಲು ಪೆನ್ನು ಎತ್ತಿ, ಮತ್ತೆ ಇಳಿಸಿದಳು. ಅಷ್ಟನ್ನು ನಡೆಯಲು ಅಂದು ಅವನು ಎಷ್ಟು ಕಷ್ಟಪಟ್ಟಿದ್ದನೆಂದು ನೆಲದ ಮೇಲೆ ಕೂತು ನೋಡಿದ್ದವಳು ಅವಳೊಬ್ಬಳೇ.